‘ಇಂಟರ್‌ಆಕ್ಷನ್’ ಅನ್ನು ‘ಕೂಡುಪರಿಣಾಮ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕೃಷಿ ಓದುವ ವಿದ್ಯಾರ್ಥಿಗಳಿಗಾಗಿ ಸಂಖ್ಯಾಶಾಸ್ತ್ರದ ಬರಹವೊಂದನ್ನು ಸಿದ್ಧಮಾಡುತ್ತಿದ್ದೇನೆ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಶಾಲೆಯ ಪುಸ್ತಕಗಳಲ್ಲೇ ಇವೆ. ಪ್ಲಾಟ್‌ಗೆ, ಅಂದರೆ ಪ್ರಯೋಗಕ್ಕೆಂದು ಗುರುತಿಸಿದ ಹೊಲದ ತುಂಡಿಗೆ, ‘ತಾಕು’ ಇದೆ. ನಾನು ಸಿಕ್ಕಿಕೊಂಡಿರುವುದು ‘ಇಂಟರ್‌ಆಕ್ಷನ್’ ಬಳಿ.

1923ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಿಂದ ಸಂಖ್ಯಾಶಾಸ್ತ್ರಜ್ಞ ಫಿಶರ್ ಮತ್ತು ಅವರ ಜೊತೆಗಾರ್ತಿ ಮೆಕೆಂಜಿ 12 ಆಲೂಗಡ್ಡೆ ತಳಿಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ಅರ್ಧ ಹೊಲಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನರ್ಧಕ್ಕೆ ಇಲ್ಲ. ಯಾವ ತಳಿ ಮೇಲು, ಗೊಬ್ಬರದಿಂದ ಎಷ್ಟು ಹೆಚ್ಚಿತು ಎಂಬುದಷ್ಟೇ ಅಲ್ಲ, ಗೊಬ್ಬರದ ಫಲ ಎಲ್ಲ ತಳಿಗಳಿಗೂ ಒಂದೇ ಸಮನೇ ಎಂಬುದು ಅವರ ಪ್ರಶ್ನೆ. ನನಗೆ ಹೆಸರು ಬೇಕಿರುವುದು ಈ ಕೊನೆಯದಕ್ಕೆ.

ಲೆಕ್ಕಕ್ಕೆಂದು ಎರಡು ರಾಗಿ ತಳಿ ಇಟ್ಟುಕೊಳ್ಳೋಣ. ಗೊಬ್ಬರವಿಲ್ಲದೆ ಒಂದು 10 ಚೀಲ, ಇನ್ನೊಂದು 12. ಗೊಬ್ಬರ ಹಾಕಿದರೆ ಮೊದಲನೆಯದು 14. ತಳಿಯ ಪಾಲು, ಗೊಬ್ಬರದ ಪಾಲು ಎರಡನ್ನೂ ಬರಿದೇ ಕೂಡಿಸುವ ಲೆಕ್ಕದ ಮಾದರಿ (ಮಾಡೆಲ್) ಎರಡನೆಯದಕ್ಕೆ 16 ಎನ್ನುತ್ತದೆ. ತಾಕಿನಲ್ಲಿ 21 ಬಂತು ಅನ್ನಿ. ಆ ಮಿಕ್ಕ 5 ಚೀಲವೇ ಇಂಟರ್‌ಆಕ್ಷನ್.

ನಾನು ಮೊದಲು ಬರೆದದ್ದು ‘ಕೂಡುಪರಿಣಾಮ’. ಕಿವಿಗೆ ಹಿತವಾಗಿತ್ತು. ಆದರೆ ‘ಕೂಡು’ ಎಂದರೆ ಜೊತೆಯಾಗು ಎಂದೂ ಹೌದು, ಸಂಕಲನ ಎಂದೂ ಹೌದು. ಓದುವ ಹುಡುಗ 16ನ್ನೇ ಕೂಡುಪರಿಣಾಮ ಎಂದುಕೊಳ್ಳುತ್ತಾನೆ. ಕೂಡಿಸಿದ ಮೇಲೂ ಉಳಿಯುವುದಕ್ಕೆ ಕೂಡಿಕೆಯ ಹೆಸರಿಟ್ಟರೆ ಅರ್ಥವೇ ತಲೆಕೆಳಗಾಗುತ್ತದೆ. ‘ಅಂತಃಕ್ರಿಯೆ’ ಸಮಾಜಶಾಸ್ತ್ರದ ಪುಸ್ತಕಗಳಲ್ಲಿ ಮನುಷ್ಯರ ಒಡನಾಟವನ್ನು ಹೇಳುತ್ತದೆ. ತಳಿ, ಗೊಬ್ಬರ ಒಂದನ್ನೊಂದು ಮಾತಾಡಿಸುವುದಿಲ್ಲವಲ್ಲ. ‘ಪರಸ್ಪರ ಪರಿಣಾಮ’ಕ್ಕೂ ಇದೇ ತೊಡಕು, ಆದರೂ ಅದರಲ್ಲೊಂದು ಸತ್ಯವಿದೆ: ಗೊಬ್ಬರದ ಫಲ ತಳಿಯ ಮೇಲೆ ನಿಂತಿದ್ದರೆ, ತಳಿಗಳ ಅಂತರವೂ ಗೊಬ್ಬರದ ಮೇಲೆ ನಿಂತಿರುತ್ತದೆ. ‘ಅವಲಂಬಿತ ಪರಿಣಾಮ’ ಎನ್ನೋಣವೆಂದರೆ ‘ಅವಲಂಬಿತ ಚರ’ ಆಗಲೇ ಬೇರೆ ಅರ್ಥದಲ್ಲಿ, ಇಳುವರಿಯಂಥ ಅಳೆಯುವ ಫಲಿತಾಂಶಕ್ಕೆ, ಬಳಕೆಯಲ್ಲಿದೆ.

ಇಷ್ಟು ಹಟ ಯಾಕೆಂದರೆ, ಎಷ್ಟೋ ಪ್ರಬಂಧಗಳಲ್ಲಿ ಎರಡು ತಳಿಗಳನ್ನು ಹೋಲಿಸಲು ಗೊಬ್ಬರ ಹಾಕಿದ ತಾಕುಗಳಿಗೊಂದು ಟಿ-ಪರೀಕ್ಷೆ (ಎರಡು ಸರಾಸರಿಗಳ ಅಂತರವನ್ನು ಒರೆಹಚ್ಚುವ ಪರೀಕ್ಷೆ), ಹಾಕದವಕ್ಕೊಂದು ಮಾಡಿ, ಇಲ್ಲಿ ವ್ಯತ್ಯಾಸ ಕಂಡಿತು, ಅಲ್ಲಿ ಕಾಣಲಿಲ್ಲ, ಆದ್ದರಿಂದ ಗೊಬ್ಬರದ ಫಲ ತಳಿಯಿಂದ ತಳಿಗೆ ಬೇರೆ ಎಂದು ಬರೆದುಬಿಡುತ್ತಾರೆ. ಆ ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸವನ್ನು ಪರೀಕ್ಷಿಸಿಯೇ ಇರುವುದಿಲ್ಲ. ಎರಡನ್ನೂ ಒಂದೇ ಮಾದರಿಯೊಳಗೆ ತಂದು ಇಂಟರ್‌ಆಕ್ಷನ್ ಸೇರಿಸಿದರೆ ಮಾತ್ರ ಅದು ಸಿಗುತ್ತದೆ. ಹೆಸರು ನೆಟ್ಟಗಿದ್ದರೆ ಈ ತಪ್ಪು ಬೇಗ ಕಣ್ಣಿಗೆ ಬಿದ್ದೀತು ಎಂದು ನನ್ನ ನಂಬಿಕೆ.

ಈಗ ನನ್ನ ಮನಸ್ಸು ‘ಒಗ್ಗು’ ಎಂಬ ಕ್ರಿಯಾಪದದ ಸುತ್ತ ತಿರುಗುತ್ತಿದೆ. ಈ ಗೊಬ್ಬರ ಆ ತಳಿಗೆ ಒಗ್ಗುತ್ತದೆ, ಈ ತಳಿಗೆ ಒಗ್ಗದು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅದನ್ನು ನಾಮಪದ ಮಾಡಿ ‘ಒಗ್ಗುವಿಕೆ’ ಎಂದರೆ ಹೊಸ ಊರಿಗೆ, ಹವೆಗೆ ಒಗ್ಗಿಕೊಳ್ಳುವುದೇ ನೆನಪಾಗುತ್ತದೆ. ‘ಒಗ್ಗುಪರಿಣಾಮ’ ಎಂದರೆ ಆ ನೆನಪು ತಪ್ಪೀತೇ? ಒಂದೇ ಗೊಬ್ಬರ, ಒಂದೇ ಔಷಧಿ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿದ್ದಾಗ ನಿಮ್ಮ ಸೀಮೆಯಲ್ಲಿ ಏನೆನ್ನುತ್ತಾರೆ? ಕರಾವಳಿಯವರೂ ಉತ್ತರ ಕರ್ನಾಟಕದವರೂ ದಯವಿಟ್ಟು ತಿಳಿಸಿ.