ದೊಡ್ಡ ನಾಜಲ್ ಹಾಕಿದೆ: ಪವರ್ ಬರಲಿಲ್ಲ, ಬಿಳಿ ಹೊಗೆ ಬಂತು

ಹಳೇಗಾಡಿ:
ನನ್ನದು 1996ರ ಡೀಸೆಲ್ ಪಿಕಪ್. 2.5 ಲೀಟರ್, ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್. ಟರ್ಬೊ ಇದೆ, ಅದರ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಇಲ್ಲ. ಡೀಸೆಲ್ ಪಂಪ್ ಬಾಷ್ ವಿಇ, ಕಂಪ್ಯೂಟರ್ ಏನೂ ಇಲ್ಲದ ರೋಟರಿ. ಲೋಡ್ ಇದ್ದಾಗ ಏರಿನಲ್ಲಿ ಮೂರನೇ ಗೇರಿಗೆ ಇಳಿಸಲೇಬೇಕು. ಅದಕ್ಕೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಲ್ಕನ್ನೂ, ತುದಿಯ ನಾಜಲ್‌ನ ತೂತು ದೊಡ್ಡದಿರುವಂಥದ್ದು, ಕಳೆದ ವಾರ ನಾನೇ ಕೂರಿಸಿದೆ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಣ್ಣು ಉರಿಯುವಷ್ಟು ಬಿಳಿ ಹೊಗೆ. ಐಡಲ್‌ನಲ್ಲಿ ಗಾಡಿ ನಡುಗುತ್ತದೆ. ಪೂರ್ತಿ ಒತ್ತಿದರೆ ಕಪ್ಪು ಹೊಗೆ. ಪವರ್ ಮಾತ್ರ ಅಷ್ಟಕ್ಕಷ್ಟೇ. ಇಂಜೆಕ್ಟರ್ ಕೆಟ್ಟದ್ದು ಕೊಟ್ಟಿರಬಹುದಾ?

ಪಂಪ್‌ಮೇಷ್ಟ್ರು:
ಬೈಯೋದು ಆಮೇಲೆ, ಮೊದಲು ಯಾವ ಸಿಲಿಂಡರ್ ಅಂತ ಹುಡುಕಿ. ಐಡಲ್‌ನಲ್ಲಿ ಬಿಟ್ಟು, ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಇಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಸದ್ದು ಬದಲಾಗದೇ ಇದ್ದರೆ ಅದೇ ಕಳ್ಳ. ಕನ್ನಡಕ ಹಾಕಿಕೊಳ್ಳಿ, ನಟ್ ಮೇಲೆ ದಪ್ಪ ಬಟ್ಟೆ ಸುತ್ತಿ. ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಬೆರಳೇ ಹೋಗಬಹುದು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಹಳೇಗಾಡಿ:
ಮೂರನೆಯದು! ಸಡಿಲಿಸಿದರೂ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಹಾಗಾದರೆ ಇಂಜೆಕ್ಟರೇ ಅಲ್ವಾ?

ಪಂಪ್‌ಮೇಷ್ಟ್ರು:
ಈಗಲೇ ಹೇಳೋಕಾಗಲ್ಲ. ಮೂರನೆಯದನ್ನು ಒಂದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ ನೋಡಿ. ತೊಂದರೆ ಇಂಜೆಕ್ಟರಿನ ಜೊತೆ ಹೋಯಿತಾ, ಇದ್ದಲ್ಲೇ ಉಳಿಯಿತಾ?

ಹಳೇಗಾಡಿ:
ಇದ್ದಲ್ಲೇ ಉಳಿಯಿತು ಸರ್. ಮೂರರಲ್ಲೇ.

ಪಂಪ್‌ಮೇಷ್ಟ್ರು:
ಹಾಗಾದರೆ ಇಂಜೆಕ್ಟರ್ ಪಾಪ, ಅದರದ್ದೇನೂ ತಪ್ಪಿಲ್ಲ. ಬಿಚ್ಚಿದ ಹಳೇ ಇಂಜೆಕ್ಟರ್ ನಾಲ್ಕೂ ಇವೆಯಾ? ಅವುಗಳ ತುದಿಯಲ್ಲಿ ತಾಮ್ರದ ವಾಷರ್ ಎಷ್ಟಿವೆ, ಎಣಿಸಿ ಹೇಳಿ.

ಹಳೇಗಾಡಿ:
ಮೂರೇ ಇವೆ. ಟಾರ್ಚ್ ಹಾಕಿ ನೋಡಿದೆ, ನಾಲ್ಕನೆಯ ವಾಷರ್ ಮೂರನೇ ಸಿಲಿಂಡರಿನ ಇಂಜೆಕ್ಟರ್ ಕೂರುವ ತೂತಿನ ತಳದಲ್ಲೇ ಕೂತಿತ್ತು. ಮಸಿ ಹಿಡಿದು ಇಂಜಿನ್ ಹೆಡ್‌ನದೇ ಭಾಗದ ಹಾಗೆ ಕಾಣುತ್ತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಕೆಂಪಗೆ ಹೊಳೆಯಿತು. ಅದರ ಮೇಲೇ ಹೊಸ ವಾಷರ್ ಹಾಕಿ ಬಿಗಿ ಮಾಡಿಬಿಟ್ಟಿದ್ದೆ, ಸುಮ್ನೆ ಅಂಗಡಿಯವನಿಗೆ ಬೈದೆ.

ಪಂಪ್‌ಮೇಷ್ಟ್ರು:
ಅದೇ. ವಾಷರ್ ಒಂದರ ಮೇಲೊಂದು ಕೂತರೆ ನಾಜಲ್ ತುದಿ ಅಷ್ಟು ಮೇಲೆ ನಿಲ್ಲುತ್ತದೆ. ಪಿಸ್ಟನ್ ತಲೆಯ ಬಟ್ಟಲಿನೊಳಗೆ ಬೀಳಬೇಕಾದ ಸ್ಪ್ರೇ ಅದರ ಅಂಚಿಗೆ ಹೊಡೆಯುತ್ತದೆ. ತಣ್ಣಗಿರುವ ಇಂಜಿನ್‌ನಲ್ಲಿ ಅದು ಸರಿಯಾಗಿ ಉರಿಯಲ್ಲ, ಆವಿಯಾಗಿ ಹೊರಗೆ ಬರುತ್ತದೆ. ನಿಮ್ಮ ಬಿಳಿ ಹೊಗೆ ಅದೇ. ಕೊಕ್ಕೆ ಮಾಡಿದ ಗಟ್ಟಿ ತಂತಿಯಿಂದ ವಾಷರ್ ಎತ್ತಿ. ತಳದ ಮಸಿಯನ್ನು ಗ್ರೀಸ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಪಂಪಿನ ಸ್ಟಾಪ್ ಸೊಲೆನಾಯ್ಡ್ ವೈರ್ ಕಿತ್ತು (ಆಗ ಡೀಸೆಲ್ ಬರಲ್ಲ), ಇಂಜೆಕ್ಟರ್ ಹಾಕದೇ ಎರಡು ಸುತ್ತು ಕ್ರ್ಯಾಂಕ್ ಮಾಡಿದರೆ ಒಳಗೆ ಬಿದ್ದ ಪುಡಿ ಹಾರಿಹೋಗುತ್ತದೆ. ಆಗ ಮುಖ ಅಲ್ಲಿ ಇಡಬೇಡಿ. ನಾಲ್ಕಕ್ಕೂ ಹೊಸ ವಾಷರ್ ಹಾಕಿ. ಹಳೆಯದು ಒಮ್ಮೆ ಅಮುಕಿದ್ದು, ಮತ್ತೆ ಸೀಲ್ ಆಗುತ್ತದೆ ಅಂತ ನಂಬಬೇಡಿ.

ಹಳೇಗಾಡಿ:
ಬಿಳಿ ಹೊಗೆ ಮಾಯ, ನಡುಕವೂ ನಿಂತಿತು! ಆದರೆ ಪವರ್ ಸ್ವಲ್ಪವೇ ಏರಿದೆ. ಒತ್ತಿದರೆ ಕಪ್ಪು ಹೊಗೆ ಹಾಗೇ ಇದೆ.

ರೈಲುಗಾಡಿ:
ನನ್ನ ಕಾಮನ್ ರೈಲ್ ಗಾಡಿಗೆ ದೊಡ್ಡ ನಾಜಲ್ ಹಾಕಿದ ದಿನವೇ ಪವರ್ ಏರಿದ್ದು ಗೊತ್ತಾಯಿತು, ಬೇರೆ ಏನೂ ಮುಟ್ಟಿರಲಿಲ್ಲ. ನಿಮ್ಮ ನಾಜಲ್ ಇನ್ನೂ ದೊಡ್ಡದು ಬೇಕೇನೋ.

ಪಂಪ್‌ಮೇಷ್ಟ್ರು:
ಅದು ಬೇರೆ ಕಥೆ. ಕಾಮನ್ ರೈಲ್‌ನಲ್ಲಿ ಒತ್ತಡ ಸದಾ ರೈಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಸೇರಿದ ಒಂದೇ ಪೈಪಿನಲ್ಲಿ, ಕಾದಿರುತ್ತದೆ, ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಅಷ್ಟೇ ಹೊತ್ತಿನಲ್ಲಿ ದೊಡ್ಡ ತೂತಿನಿಂದ ಜಾಸ್ತಿ ಡೀಸೆಲ್ ಹೋಗುತ್ತದೆ. ಇವರ ಗಾಡಿಯಲ್ಲಿ ಅಳತೆ ಮಾಡೋದು ಪಂಪ್. ಅದು ಲೋಟದಲ್ಲಿ ಅಳೆದು ಕೊಟ್ಟಷ್ಟೇ ನಾಜಲ್‌ಗೆ ಸಿಗೋದು. ತೂತು ದೊಡ್ಡದಾದರೆ ಅದೇ ಲೋಟ ಬೇಗ ಖಾಲಿಯಾಗುತ್ತದೆ, ಅಷ್ಟೇ. ತೂತು ಅತಿಯಾದರೆ ಸ್ಪ್ರೇ ಹನಿ ದಪ್ಪವಾಗಿ ಹೊಗೆಯೂ ಏರುತ್ತದೆ.

ಲೋಟ ದೊಡ್ಡದು ಮಾಡೋದು ಪಂಪಿನ ಹಿಂದಿನ ಫುಲ್ ಲೋಡ್ ಸ್ಕ್ರೂ. ಆದರೆ ಕಪ್ಪು ಹೊಗೆ ಅಂದರೆ ಈಗಿರುವ ಡೀಸೆಲ್‌ಗೇ ಗಾಳಿ ಸಾಲದು ಅಂತ ತಾನೇ? ಮೊದಲು ಏರ್ ಫಿಲ್ಟರ್, ಟರ್ಬೊ ಹೋಸ್ ಸೋರಿಕೆ ನೋಡಿ. ಟರ್ಬೊಗೆ ಮುಂಚೆ ಎಕ್ಸಾಸ್ಟ್ ತಾಪಮಾನದ ಮೀಟರ್ ಕೂರಿಸಿ. ಅದಿಲ್ಲದೆ ಸ್ಕ್ರೂ ಮುಟ್ಟಬೇಡಿ. 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಕಾಲು ಎತ್ತಿ. ಪಿಸ್ಟನ್‌ಗೆ ಎಣ್ಣೆಯ ತಂಪು ಇರುತ್ತದೆ ನಿಜ, ಆದರೂ ಅಲ್ಯೂಮಿನಿಯಂ 660ಕ್ಕೇ ಕರಗುವ ವಸ್ತು.

ಹಳೇಗಾಡಿ:
ಟರ್ಬೊ ಹೋಸ್‌ನಲ್ಲಿ ಕ್ಲಾಂಪ್ ಕೆಳಗೆ ಬೆರಳುದ್ದದ ಬಿರುಕು ಇತ್ತು, ಎಣ್ಣೆ ಜಿಡ್ಡಿನಲ್ಲಿ ಕಾಣುತ್ತಿರಲಿಲ್ಲ. ಬದಲಾಯಿಸಿದೆ. ಮೀಟರ್ ಕೂಡ ಹಾಕಿದೆ. ಈಗ ಲೋಡ್‌ನಲ್ಲಿ ಏರು ಹತ್ತಿದರೆ 640, ಹೊಗೆ ತೆಳ್ಳಗೆ. ಇಂಟರ್‌ಕೂಲರ್ ಬರುವವರೆಗೆ ಸ್ಕ್ರೂ ಮುಟ್ಟಲ್ಲ. ಅರ್ಧ ಏರಿನವರೆಗೆ ನಾಲ್ಕನೇ ಗೇರ್, ಆಮೇಲೆ ಮತ್ತೆ ಅದೇ ಮೂರು.