ತೊಲೆಯ ಬಿರುಕನ್ನು ತುಂಬಿಸಿ ಕಂಬಕ್ಕೆ ಜಾಕೆಟ್ ಹಾಕಿಸಿದರೆ ಸಾಕೇ?

ಹಳೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸುಮಾರು ಮೂವತ್ತು ವರ್ಷ ಹಳೆಯದಾದ ನಮ್ಮ ಎರಡಂತಸ್ತಿನ ಮನೆಯ ಮೇಲಂತಸ್ತಿನಲ್ಲಿ ಮೂರು ಬಗೆಯ ಬಿರುಕುಗಳು ಕಾಣಿಸಿಕೊಂಡಿವೆ. ಇಟ್ಟಿಗೆ ಗೋಡೆಯ ತಲೆಯೂ ಅದರ ಮೇಲಿನ ಕಾಂಕ್ರೀಟ್ ತೊಲೆಯೂ ಕೂಡುವ ಗೆರೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಬಿರುಕಿದೆ. ಪಕ್ಕದ ಇನ್ನೊಂದು ತೊಲೆಯ ತಳದಲ್ಲಿ ಉದ್ದಕ್ಕೂ ಸಾಗುವ ಬಿರುಕಿದ್ದು, ಅದರ ಅಂಚಿನಲ್ಲಿ ಕಂದು ಕಲೆಯಿದೆ. ಅಲ್ಲಿ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಅದೇ ತೊಲೆಯಲ್ಲಿ, ಕಂಬದ ಹತ್ತಿರ, ತಳದಿಂದ ಹೊರಟು ನಡುಭಾಗದ ಕಡೆಗೆ ಓರೆಯಾಗಿ ಏರುವ ಮತ್ತೊಂದು ಬಿರುಕಿದೆ. ಈ ತೊಲೆಯ ನೇರ ಮೇಲೆಯೇ ತಾರಸಿಯಲ್ಲಿ ಎರಡು ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದೆ. ಬಿರುಕುಗಳಿಗೆ ಸಿಮೆಂಟ್ ತುಂಬಿ, ಮೇಲಂತಸ್ತಿನ ಕಂಬಕ್ಕೆ ಜಾಕೆಟ್ (ಸುತ್ತಲೂ ಹೊಸ ಕಾಂಕ್ರೀಟಿನ ಹೊದಿಕೆ) ಹಾಕಿದರೆ ಸಾಕೆಂದು ಮೇಸ್ತ್ರಿಯವರು ಹೇಳುತ್ತಿದ್ದಾರೆ. ಇದು ಸರಿಯೇ? ಯಾವುದಕ್ಕೆ ಮೊದಲು ಗಮನ ಕೊಡಬೇಕು?

ಗಾರೆಗೆರೆ

ಮೊದಲು ಟ್ಯಾಂಕನ್ನು ಖಾಲಿ ಮಾಡಿಸಿ, ಆ ತೊಲೆಯ ಕೆಳಗೆ ಯಾರೂ ಮಲಗದಂತೆ, ಕೂರದಂತೆ ನೋಡಿಕೊಳ್ಳಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು. ಎರಡು ಸಾವಿರ ಲೀಟರ್ ನೀರೆಂದರೆ ಎರಡು ಸಾವಿರ ಕಿಲೋ ಭಾರ. ಅದನ್ನು ಇಳಿಸಲು ಯಾವ ಪರೀಕ್ಷೆಯ ವರದಿಗೂ ಕಾಯಬೇಕಾಗಿಲ್ಲ.

ಗೋಡೆಯೂ ತೊಲೆಯೂ ಕೂಡುವಲ್ಲಿನ ಬಿರುಕು ಹೆಚ್ಚಿನ ಮನೆಗಳಲ್ಲಿ ಕಾಣುವಂಥದ್ದು. ಬಿಸಿಲಿಗೆ ಇಟ್ಟಿಗೆಯೂ ಕಾಂಕ್ರೀಟೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಆ ಸಂದಿನಲ್ಲಿ ಗಾರೆ ಬಿಡುತ್ತದೆ. ಅದು ಕಾಯಬಹುದು.

ತಳದ ಉದ್ದ ಬಿರುಕು ಒಳಗಿನ ಸರಳು ತುಕ್ಕು ಹಿಡಿದಿರುವುದರ ಗುರುತು. ಹೊಸ ಕಾಂಕ್ರೀಟಿನ ಕ್ಷಾರ ಗುಣ ಬಹಳ ಹೆಚ್ಚಾಗಿದ್ದು (ಪಿಎಚ್ 12.5ರಿಂದ 13ರವರೆಗೆ), ಅದೇ ಸರಳನ್ನು ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಸೇರುತ್ತ ಹೋದಂತೆ ಆ ಗುಣ ಕುಂದಿ, ಪಿಎಚ್ 9ರ ಸುತ್ತಮುತ್ತ ಇಳಿಯುವ ಹೊತ್ತಿಗೆ ರಕ್ಷಣೆ ಇಲ್ಲವಾಗುತ್ತದೆ. ಅಲ್ಲಿಗೆ ತೇವವೂ ಸೇರಿದರೆ ತುಕ್ಕು ಶುರುವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇಂಥ ಬಿರುಕಿನ ಮೇಲೆ ಸಿಮೆಂಟ್ ಬಳಿದರೆ ಕಲೆ ಮರೆಯಾಗುತ್ತದೆ, ತುಕ್ಕು ಒಳಗೆ ಮುಂದುವರಿಯುತ್ತದೆ.

ನನಗೆ ನಿಜವಾಗಿ ಆತಂಕ ತಂದದ್ದು ಓರೆ ಬಿರುಕು. ತೊಲೆ ಬಾಗಿದಾಗ ನಡುಭಾಗದ ತಳದಲ್ಲಿ ನೆಟ್ಟಗೆ ಬೀಳುವ ಬಿರುಕುಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ, ತೊಲೆ ಜೋತುಬಿದ್ದು ಮುನ್ಸೂಚನೆ ಕೊಡುತ್ತದೆ. ಆಧಾರದ ಬಳಿಯ ಓರೆ ಬಿರುಕು ಹಾಗಲ್ಲ. ಅದು ಕತ್ತರಿ ಬಲದಿಂದ, ಅಂದರೆ ತೊಲೆಯ ಒಂದು ಭಾಗವನ್ನು ಪಕ್ಕದ ಭಾಗದ ಮೇಲೆ ಜಾರಿಸಲು ನೋಡುವ ಬಲದಿಂದ, ಬರುವಂಥದ್ದು. ಅದನ್ನು ತಡೆಯುವ ರಿಂಗುಗಳು (ಉದ್ದ ಸರಳುಗಳನ್ನು ಸುತ್ತುವರಿದ ಅಡ್ಡ ಸರಳುಗಳು) ಸಾಲದಿದ್ದರೆ, ಅಥವಾ ತುಕ್ಕಿನಿಂದ ಸವೆದಿದ್ದರೆ, ತೊಲೆ ಹಠಾತ್ತನೆ ಮುರಿಯಬಹುದು. ಬಿರುಕು ಗಾರೆಯಲ್ಲಷ್ಟೇ ಇದೆಯೋ ಕಾಂಕ್ರೀಟಿಗೂ ಇಳಿದಿದೆಯೋ ಎಂಬುದು ಮೊದಲು ತಿಳಿಯಬೇಕು. ಆದರೆ ತೊಲೆಗೆ ಆನಿಕೆ ಕೊಡುವ ಮೊದಲು ಸುತ್ತಿಗೆ ಮುಟ್ಟಿಸಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಸ್ಥಳದಲ್ಲಿ ನಿಂತು ಗಾರೆ ಬಿಡಿಸಲಿ.

ಕಂಬಸಾಲು

ಮೇಲಿನ ಮಾತಿಗೆ ಒಪ್ಪಿಗೆಯಿದೆ. ಬಹಳ ವರ್ಷ ದುರಸ್ತಿ ಕೆಲಸದಲ್ಲೇ ಇರುವವನಾಗಿ ಜಾಕೆಟ್ ಬಗ್ಗೆ ಹೇಳಬೇಕಾದ ಒಂದು ಮಾತಿದೆ, ಏಕೆಂದರೆ ಹೆಚ್ಚಿನ ಹಣ ವ್ಯರ್ಥವಾಗುವುದು ಅಲ್ಲೇ.

ಭಾರ ಹೊತ್ತು ನಿಂತಿರುವ ಹಳೆಯ ಕಂಬದ ಸುತ್ತ ಹೊಸ ಕಾಂಕ್ರೀಟ್ ಸುರಿದರೆ, ಆ ಹೊಸ ಕಾಂಕ್ರೀಟ್ ಅಂದಿನ ಭಾರದಲ್ಲಿ ಪಾಲು ಪಡೆಯುವುದಿಲ್ಲ. ಮುಂದೆ ಬರುವ ಭಾರದಲ್ಲಿ ಮಾತ್ರ ಅದಕ್ಕೆ ಪಾಲು. ಆದ್ದರಿಂದ ಕೆಲಸಕ್ಕೆ ಮುನ್ನ ತಾತ್ಕಾಲಿಕ ಆನಿಕೆಯ ಕಂಬಗಳಾದ ಪ್ರಾಪ್‌ಗಳನ್ನು ನಿಲ್ಲಿಸಿ, ಜಾಕ್‌ನಿಂದ ಬಿಗಿ ಮಾಡಿ, ಹಳೆಯ ಭಾಗದ ಹೊರೆಯನ್ನು ಆದಷ್ಟು ಇಳಿಸಿಕೊಳ್ಳಬೇಕು. ಜಾಕ್ ತಿರುಗಿಸುವುದನ್ನೂ ಇಂಜಿನಿಯರರ ಲೆಕ್ಕದಂತೆ ನಿಧಾನವಾಗಿ ಮಾಡಬೇಕು, ಅತಿಯಾಗಿ ಎತ್ತಿದರೆ ತೊಲೆಯ ಮೇಲ್ಭಾಗದಲ್ಲಿ ಹೊಸ ಬಿರುಕು ಬೀಳುತ್ತದೆ. ನಿಮ್ಮದು ಮೇಲಂತಸ್ತಾದ್ದರಿಂದ ಅಲ್ಲಿ ಮಾತ್ರ ಪ್ರಾಪ್ ಕೊಟ್ಟರೆ ಆ ಭಾರವೆಲ್ಲ ಕೆಳಗಿನ ಸ್ಲ್ಯಾಬಿನ ಮೇಲೆ ಬೀಳುತ್ತದೆ. ಅದೇ ನೇರದಲ್ಲಿ ಕೆಳಗೂ ಪ್ರಾಪ್ ನಿಲ್ಲಿಸಿ ನೆಲಕ್ಕೆ ಮುಟ್ಟಿಸಬೇಕು. ಜಾಕೆಟ್‌ಗೂ ಇದೇ ಮಾತು. ಮೇಲಿನ ಕಂಬವನ್ನಷ್ಟೇ ದಪ್ಪ ಮಾಡಿ ನಿಲ್ಲಿಸಿದರೆ ಕೆಳಗಿನ ಕಂಬವೂ ಪಾಯವೂ ಹಿಂದಿನಷ್ಟೇ ದುರ್ಬಲವಾಗಿ ಉಳಿದು, ಮೇಲಿನ ತೂಕ ಮಾತ್ರ ಹೆಚ್ಚುತ್ತದೆ. ಅಷ್ಟಕ್ಕೂ ನಿಮ್ಮ ವಿವರಣೆಯಲ್ಲಿ ಕಂಬಕ್ಕೆ ಏನೂ ಆಗಿಲ್ಲ. ಕಾಯಿಲೆಯಿರುವುದು ತೊಲೆಗೆ.

ಹಳೆಮನೆ

ಇಬ್ಬರಿಗೂ ಧನ್ಯವಾದಗಳು. ಟ್ಯಾಂಕ್ ಖಾಲಿ ಮಾಡಿಸಿ, ಕೋಣೆಗೆ ಬೀಗ ಹಾಕಿದ್ದೇವೆ. ಇಂಜಿನಿಯರರು ಬಂದು ಎರಡೂ ಅಂತಸ್ತಿನಲ್ಲಿ ಪ್ರಾಪ್ ಕೊಡಿಸಿದ ಮೇಲೆ ಗಾರೆ ಬಿಡಿಸಿ ನೋಡಿದರು. ಓರೆ ಬಿರುಕು ಕಾಂಕ್ರೀಟಿನಲ್ಲೂ ಇದೆ. ಒಡೆಯುವ ಗೋಜಿಲ್ಲದೆ ಕಾರ್ಬನ್ ಫೈಬರ್ ಪಟ್ಟಿ ಅಂಟಿಸಬಹುದೆಂದು ಬಂಧುಗಳೊಬ್ಬರು ಹೇಳುತ್ತಾರೆ. ಅದು ಆಗುವ ಮಾತೇ?

ಕಂಬಸಾಲು

ಆಗುತ್ತದೆ, ಆದರೆ ಒಡೆಯುವ ಗೋಜು ತಪ್ಪುವುದಿಲ್ಲ. ಕಾರ್ಬನ್ ಪಟ್ಟಿ ಹಗುರ, ಬಲಶಾಲಿ. ಓರೆ ಬಿರುಕಿಗೆ ತೊಲೆಯ ಪಕ್ಕಗಳನ್ನೂ ತಳವನ್ನೂ ಸುತ್ತುವಂತೆ ಅಂಟಿಸುವ ವಿಧಾನವೂ ಇದೆ. ಅಷ್ಟಾದರೂ ಪಟ್ಟಿ ಹಿಡಿದುಕೊಳ್ಳುವುದು ಕಾಂಕ್ರೀಟಿನ ಹೊರ ಪದರವನ್ನು. ಆ ಪದರವೇ ಪೊಳ್ಳಾಗಿದ್ದರೆ ಪಟ್ಟಿ ಅದರ ಸಮೇತ ಕಳಚಿ ಬರುತ್ತದೆ. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ತೆಗೆದು, ಸರಳನ್ನು ಹೊಳೆಯುವಂತೆ ಉಜ್ಜಿ, ಎಷ್ಟು ಸವೆದಿದೆಯೆಂದು ಅಳೆದು, ಹೆಚ್ಚು ಸವೆದಲ್ಲಿ ಹೊಸ ಸರಳು ಸೇರಿಸಿ, ದುರಸ್ತಿ ಗಾರೆ ತುಂಬಿದ ಮೇಲಷ್ಟೇ ಪಟ್ಟಿಯ ಮಾತು. ಅದನ್ನು ಅಂಟಿಸುವ ಎಪಾಕ್ಸಿ ಅಂಟು 60–80 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮೆತ್ತಗಾಗತೊಡಗುವುದರಿಂದ ಬೆಂಕಿಯಿಂದ ರಕ್ಷಣೆಯ ಹೊದಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ತಾರಸಿಯಿಂದ ನೀರು ಇಳಿಯುತ್ತಿದ್ದರೆ ಅದನ್ನು ನಿಲ್ಲಿಸದೆ ಇದಾವುದೂ ಬಾಳುವುದಿಲ್ಲ.

ಬಿರುಕುನೋಟ

ಒಂದು ಸೇರ್ಪಡೆ. ಗೋಡೆಯ ಸಂದಿನ ತೆಳು ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ತಿಂಗಳಿಗೊಮ್ಮೆ ಅಗಲವನ್ನೂ ಗುರುತು ಹಾಕಿಕೊಳ್ಳಿ. ಋತು ಬದಲಾದಂತೆ ಮುಚ್ಚಿ ತೆರೆಯುವ ಬಿರುಕಿಗೂ ಒಂದೇ ಸಮನೆ ಅಗಲವಾಗುವ ಬಿರುಕಿಗೂ ಇರುವ ವ್ಯತ್ಯಾಸ ಇಂಜಿನಿಯರರಿಗೆ ಇದರಿಂದಲೇ ತಿಳಿಯುತ್ತದೆ. ಚಲನೆ ನಿಲ್ಲದ ಬಿರುಕಿಗೆ ಎಪಾಕ್ಸಿ ತುಂಬಿದರೆ ಪಕ್ಕದಲ್ಲೇ ಇನ್ನೊಂದು ಹುಟ್ಟುತ್ತದೆ.

ಆದರೆ ಕಾದು ನೋಡುವ ಈ ಕ್ರಮ ಎಲ್ಲ ಬಿರುಕಿಗೂ ಸಲ್ಲದು. ಕಂಬದಲ್ಲಿ ನೆಟ್ಟಗೆ ಬಿದ್ದ ಬಿರುಕು, ಸರಳು ಹೊರಕ್ಕೆ ಬಾಗಿರುವುದು, ಕಾಂಕ್ರೀಟ್ ಸಿಡಿಯುವ ಸದ್ದು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲುಗಳು ಕಂಡರೆ ಅಳತೆ ಬೇಡ, ಮನೆಯಿಂದ ಹೊರಗೆ ಬನ್ನಿ. ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡದ ಬಿರುಕುಗಳನ್ನು 2013ರ ಏಪ್ರಿಲ್ 23ರಂದು ಕಂಡು ಜನರನ್ನು ಹೊರಗೆ ಕಳುಹಿಸಲಾಗಿತ್ತು. ಮರುದಿನ ಬೆಳಿಗ್ಗೆ ಕೆಲಸಗಾರರನ್ನು ಮತ್ತೆ ಒಳಗೆ ಕರೆಸಿಕೊಂಡ ಮೇಲೆ ಅದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಕೋಣೆಯ ಬೀಗವನ್ನು ಇಂಜಿನಿಯರರು ಲಿಖಿತವಾಗಿ ಹೇಳುವವರೆಗೆ ತೆಗೆಯಬೇಡಿ.