ಟೆಸ್ಟ್ ಮಾಡಿದಾಗ ಸಿಗುವ ಡೇಟಾಬೇಸ್ ಪ್ರೋಗ್ರಾಮಿಗೆ ಏಕೆ ಸಿಗುವುದಿಲ್ಲ?

ಪ್ರಶ್ನೆ: ವಿಂಡೋಸ್‌ನಲ್ಲಿ ಒಡಿಬಿಸಿ ಡ್ರೈವರ್ (ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ತಂತ್ರಾಂಶ) ಹಾಕಿ ಸಿಸ್ಟಮ್ ಡಿಎಸ್‌ಎನ್ (ಸಂಪರ್ಕದ ವಿವರಗಳನ್ನು ಒಂದು ಹೆಸರಿನಡಿ ಉಳಿಸಿಡುವ ನಮೂದು) ಮಾಡಿದ್ದೇನೆ. ‘ಟೆಸ್ಟ್’ ಒತ್ತಿದರೆ ಸಂಪರ್ಕ ಸರಿಯಾಗಿದೆ ಎನ್ನುತ್ತದೆ. ನಮ್ಮ ಹಳೆಯ ದಾಸ್ತಾನು ಪ್ರೋಗ್ರಾಮ್ ಮಾತ್ರ ‘ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್’ ಎಂದು ಹಟ ಹಿಡಿದಿದೆ. ಡ್ರೈವರನ್ನು ಮೂರು ಸಲ ತೆಗೆದು ಹಾಕಿದ್ದಾಯಿತು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮೂರೇ ಸಲವೇ? ನಾನು ಎರಡು ದಿನ ಇದನ್ನೇ ಮಾಡಿದ್ದೆ, ಜೊತೆಗೆ ಡೇಟಾಬೇಸ್ ನೋಡಿಕೊಳ್ಳುವವರನ್ನು ಮನಸ್ಸಿನಲ್ಲೇ ಬೈದಿದ್ದೆ. ಪಾಪ, ಅವರ ತಪ್ಪೇನೂ ಇರಲಿಲ್ಲ. ಡ್ರೈವರ್ ಎಂದರೆ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಓಡುವ ಸೇವೆ ಎಂದು ನಾನು ತಿಳಿದಿದ್ದೆ. ಅದು ಬರೀ ಒಂದು ಡಿಎಲ್‌ಎಲ್ ಕಡತ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಎತ್ತಿಕೊಂಡು ಬಳಸುವ ಕೋಡ್. ಪ್ರೋಗ್ರಾಮ್ ಸಂಪರ್ಕ ಕೇಳಿದಾಗ ಡ್ರೈವರ್ ಮ್ಯಾನೇಜರ್ ಅದನ್ನು ಆ ಪ್ರೋಗ್ರಾಮಿನ ಮೆಮೊರಿಯೊಳಗೇ ತಂದು ಕೂರಿಸುತ್ತದೆ. ಪ್ರೋಗ್ರಾಮ್‌ಗಳಲ್ಲೂ ಡಿಎಲ್‌ಎಲ್‌ಗಳಲ್ಲೂ 32 ಬಿಟ್, 64 ಬಿಟ್ ಎಂದು ಎರಡು ಬಗೆ; 32 ಬಿಟ್ ಪ್ರೋಗ್ರಾಮಿನೊಳಗೆ 64 ಬಿಟ್ ಡಿಎಲ್‌ಎಲ್ ಕೂರುವುದಿಲ್ಲ. ಸರ್ವರ್ ಎಷ್ಟು ಬಿಟ್‌ನದಾದರೂ ಚಿಂತೆಯಿಲ್ಲ, ಅದರೊಂದಿಗೆ ಮಾತುಕತೆ ನೆಟ್‌ವರ್ಕ್ ಮೂಲಕ.

ಸಿಸ್ಟಮ್ ಡಿಎಸ್‌ಎನ್ ಪಟ್ಟಿಯೂ ಎರಡಕ್ಕೆ ಬೇರೆ ಬೇರೆ. ನೀವು ಪರೀಕ್ಷಿಸಿದ್ದು 64ರ ಪಟ್ಟಿಯಲ್ಲಿ, ಪ್ರೋಗ್ರಾಮ್ ಹುಡುಕುತ್ತಿರುವುದು ಬಹುಶಃ 32ರ ಪಟ್ಟಿಯಲ್ಲಿ. ಹೆಸರಿಟ್ಟವರ ಚಂದ ನೋಡಿ: ಡಿಎಸ್‌ಎನ್ ಮಾಡುವ ಎರಡೂ ಉಪಕರಣಗಳಿಗೆ ‘ಒಡಿಬಿಸಿಎಡಿ32’ ಎಂದೇ ಹೆಸರು, 64 ಬಿಟ್‌ನದು ‘ಸಿಸ್ಟಮ್32’ ಫೋಲ್ಡರಿನಲ್ಲಿ, 32 ಬಿಟ್‌ನದು ‘ಸಿಸ್‌ವಾವ್64’ ಫೋಲ್ಡರಿನಲ್ಲಿ! 32 ಬಿಟ್ ಡ್ರೈವರ್ ಹಾಕಿ, ಈ ಎರಡನೆಯದನ್ನು ತೆರೆದು ಅದೇ ಹೆಸರಿನ ಡಿಎಸ್‌ಎನ್ ಮಾಡಿ.

ಉತ್ತರ 2: ನಾನು ಜಾವಾ ಕಡೆಯವನು. ಅಲ್ಲಿ ಟೈಪ್ 4 ಜೆಡಿಬಿಸಿ (ಜಾವಾ ಪ್ರೋಗ್ರಾಮಿನಿಂದ ಡೇಟಾಬೇಸ್ ತಲುಪುವ ವ್ಯವಸ್ಥೆ) ಡ್ರೈವರ್ ಪೂರ್ತಿ ಜಾವಾದಲ್ಲೇ ಇರುವುದರಿಂದ ಈ ಬಿಟ್ ಜಗಳವಿಲ್ಲ. ಆದರೆ ‘ನೋ ಸೂಟಬಲ್ ಡ್ರೈವರ್’ ಎಂಬ ಇನ್ನೊಂದು ಪೀಡೆ ಇದೆ. ಡ್ರೈವರ್ ಇರುವ ಜಾರ್ ಕಡತ ಸಿಗುತ್ತಿಲ್ಲವೆಂದು ಎಲ್ಲ ಫೋಲ್ಡರ್ ಜಾಲಾಡಿದ್ದೆ. ಕೊನೆಗೆ ನೋಡಿದರೆ ಡೇಟಾಬೇಸಿನ ಸಂಪರ್ಕ ವಿಳಾಸದಲ್ಲಿ ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್’ ಎಂದಿರಬೇಕಾದಲ್ಲಿ ‘ಪೋಸ್ಟ್‌ಗ್ರೆಸ್’ ಎಂದಷ್ಟೇ ಬರೆದಿದ್ದೆ. ಇದು ತನ್ನದೆಂದು ಯಾವ ಡ್ರೈವರೂ ಒಪ್ಪಿಕೊಂಡಿರಲಿಲ್ಲ, ಅಷ್ಟೇ. ಜಾವಾದಿಂದ ಒಡಿಬಿಸಿ ಡ್ರೈವರ್ ಬಳಸಲು ಇದ್ದ ಹಳೆಯ ಜೆಡಿಬಿಸಿ–ಒಡಿಬಿಸಿ ಸೇತುವೆಯನ್ನು ಯಾರಾದರೂ ಸೂಚಿಸಿದರೆ ಕಿವಿಗೊಡಬೇಡಿ, ಜಾವಾ 8ರಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಉತ್ತರ 3: ಸಂಪರ್ಕ ಸಿಕ್ಕ ಮೇಲಿನದೊಂದು ಮಾತು. ನಮ್ಮಲ್ಲಿ ಪ್ರತಿದಿನ ಬೆಳಗಿನ ಮೊದಲ ವಿನಂತಿಯೇ ವಿಫಲವಾಗುತ್ತಿತ್ತು. ಸುಮ್ಮನಿರುವ ಸಂಪರ್ಕವನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್ 28,800 ಸೆಕೆಂಡಿಗೆ, ಅಂದರೆ 8 ಗಂಟೆಗೆ, ಕಡಿದುಹಾಕುತ್ತದೆ. ಪೂರ್ವನಿಯೋಜಿತ ಮಿತಿ ಅದು. ಪೂಲ್‌ನಲ್ಲಿ (ಮತ್ತೆ ಮತ್ತೆ ಬಳಸಲೆಂದು ತೆರೆದಿಟ್ಟ ಸಂಪರ್ಕಗಳ ಗುಂಪು) ಇರುವ ಸಂಪರ್ಕದ ಆಯುಸ್ಸನ್ನು ಅದಕ್ಕಿಂತ ಕಡಿಮೆ ಇಡಿ.

ಪ್ರಶ್ನೆ ಕೇಳಿದವರು: ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದೆ, ನಮ್ಮದು 32 ಬಿಟ್ ಪ್ರೋಗ್ರಾಮೇ. ಮೊದಲ ಉತ್ತರದಂತೆ ಮಾಡಿದ ಮೇಲೆ ದೋಷ ಬದಲಾಗಿದೆ, ಈಗ ಪಾಸ್‌ವರ್ಡ್ ತಪ್ಪಂತೆ. ಬೈಯುತ್ತಿರುವುದು ಸರ್ವರ್ ಎಂದ ಮೇಲೆ ಅಲ್ಲಿಯವರೆಗಂತೂ ತಲುಪಿದ್ದೇನೆ.